ಊರಿಗೆ ಮರಳುವ ದಾರಿಯಲ್ಲಿ ಸಿಂಗಾಪುರದಲ್ಲಿ ಒಂದು ದಿನ

ಮಕ್ಕಳ ಮನೆಯಲ್ಲಿ ಮೂರು ತಿಂಗಳು ಇದ್ದು ಹೊರಡುವ ಹೊತ್ತಿಗೆ ಮನಸ್ಸು ಎರಡು ಕಡೆ ಎಳೆಯುತ್ತದೆ. ಮೊಮ್ಮಗುವನ್ನು ಬಿಟ್ಟು ಬರುವ ಸಂಕಟ ಒಂದು ಕಡೆ. ಮೈಸೂರಿನ ಮನೆಯ ಬೀಗ ತೆಗೆದು, ನಮ್ಮದೇ ಅಡುಗೆಮನೆಯಲ್ಲಿ ಒಂದು ಲೋಟ ಕಾಫಿ ಮಾಡಿಕೊಂಡು ಕೂತರೆ ಸಾಕು ಅನ್ನುವ ಆಸೆ ಇನ್ನೊಂದು ಕಡೆ. ಇದರ ನಡುವೆ ಮೆಲ್ಬರ್ನ್‌ನಲ್ಲಿ ಮಗಳು, "ಅಮ್ಮಾ, ಹೋಗ್ತಾ ಸಿಂಗಾಪುರದಲ್ಲಿ ಒಂದು ದಿನ ಇದ್ದು ಹೋಗಿ" ಅಂದಾಗ ನಮ್ಮವರು, "ಮೊದಲು ಮನೆ ಸೇರೋಣ ಕಣೇ" ಅಂದಿದ್ದರು. ಅವರ ಮಾತಿಗೂ ಕಾರಣ ಇತ್ತು. ಅದಕ್ಕೆ ಹಿಂದಿನ ಸಲ ನಾವು ಅಲ್ಲಿ ಇಳಿದು ಒಂದೇ ದಿನದಲ್ಲಿ ಒಂಬತ್ತು ಜಾಗ ನೋಡಲು ಹೊರಟಿದ್ದೆವು. ಸಂಜೆಗೆ ಅವರ ಕಾಲು ಊದಿ, ಚಪ್ಪಲಿ ಹಾಕಲೂ ಆಗದೆ ಒಂದು ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದೆವು. ನೋಡಿದ್ದು ಯಾವುದೂ ಸರಿಯಾಗಿ ನೆನಪಿಲ್ಲ.

ಎರಡನೇ ಸಲ ಬೇರೆ ರೀತಿ ಮಾಡಿದೆವು. ಈಗ ಯಾರಾದರೂ ಕೇಳಿದರೆ, "ಖಂಡಿತ ಇಳಿಯಿರಿ, ಆದರೆ ಹೀಗೆ ಇಳಿಯಿರಿ" ಅನ್ನುತ್ತೇನೆ. ಮೊದಲೆಲ್ಲ ದೂರದಿಂದ ನಡೆದು ಬಂದವರು ನೇರ ಒಳಗೆ ಬರುತ್ತಿರಲಿಲ್ಲ. ಕಾಲು ತೊಳೆದು, ಜಗಲಿಯ ಮೇಲೆ ಕೂತು, ಬೆಲ್ಲ ನೀರು ಕುಡಿದು, ಆಮೇಲೆ ಒಳಗೆ ಬರುತ್ತಿದ್ದರು. ಸಿಂಗಾಪುರವನ್ನು ಆ ಜಗಲಿ ಅಂತ ತಿಳಿಯಿರಿ. ಇನ್ನೊಂದು ಪ್ರವಾಸ ಅಂತ ಹೊರಟರೆ ದಣಿಯುತ್ತೀರಿ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯಿಂದ ಬರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅಮೆರಿಕದಿಂದ ಈ ದಾರಿಯಾಗಿ ಬರುವವರಿಗೂ ಜಾಸ್ತಿ ವ್ಯತ್ಯಾಸ ಇಲ್ಲ.

ಹೆಜ್ಜೆ 1: ಟಿಕೆಟ್ ಕೊಳ್ಳುವಾಗಲೇ ಗಂಟೆ ಲೆಕ್ಕ ಹಾಕಿ

ಮೆಲ್ಬರ್ನ್‌ನಿಂದ ಸಿಂಗಾಪುರಕ್ಕೆ ಸುಮಾರು ಏಳೂವರೆ ಎಂಟು ಗಂಟೆ. ಅಲ್ಲಿಂದ ಬೆಂಗಳೂರಿಗೆ ನಾಲ್ಕೂವರೆ ಗಂಟೆ. ಗಡಿಯಾರದ ಲೆಕ್ಕವೂ ಇದೆ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಮೆಲ್ಬರ್ನ್ ಅದಕ್ಕಿಂತ ಎರಡು ಗಂಟೆ ಮುಂದೆ, ಅವರ ಬೇಸಿಗೆಯಲ್ಲಿ ಮೂರು ಗಂಟೆ. ಅಂದರೆ ನಡುವೆ ಒಂದು ರಾತ್ರಿ ಮಲಗಿದರೆ ದೇಹಕ್ಕೆ ಆ ವ್ಯತ್ಯಾಸ ಎರಡು ಕಂತಿನಲ್ಲಿ ಬರುತ್ತದೆ. ಊರಿಗೆ ಬಂದ ಮೇಲೆ ನಡುರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟುಕೊಂಡು ಕೂರುವುದು ಕಡಿಮೆಯಾಯಿತು ಅನ್ನುವುದು ನಮ್ಮ ಅನುಭವ.

ನಡುವೆ ಆರು ಗಂಟೆಗಿಂತ ಕಡಿಮೆ ಇದ್ದರೆ ವಿಮಾನ ನಿಲ್ದಾಣದಿಂದ ಹೊರಗೆ ಹೋಗಲೇಬೇಡಿ. ಎಂಟು ಹತ್ತು ಗಂಟೆ ಇದ್ದರೆ ಒಂದು ಊಟ, ಒಂದು ಸುತ್ತು, ಅಷ್ಟೇ. ಐದೂವರೆಯಿಂದ ಇಪ್ಪತ್ನಾಲ್ಕು ಗಂಟೆ ನಡುವೆ ಬಿಡುವು ಇರುವ ಪ್ರಯಾಣಿಕರಿಗೆ ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದವರೇ ಎರಡೂವರೆ ಗಂಟೆಯ ಉಚಿತ ಬಸ್ ಪ್ರವಾಸ ಇಟ್ಟಿದ್ದಾರೆ. ಅದಕ್ಕೂ ದೇಶದ ಒಳಗೆ ಹೋಗುವ ಅರ್ಹತೆ ಬೇಕು, ಮೊದಲೇ ಹೆಸರು ಬರೆಸಬೇಕು.

ನನ್ನ ಮಟ್ಟಿಗೆ ಒಳ್ಳೆಯದು ಒಂದು ರಾತ್ರಿ. ಬೆಳಿಗ್ಗೆ ಮೆಲ್ಬರ್ನ್ ಬಿಟ್ಟು ಮಧ್ಯಾಹ್ನ ಇಳಿಯುವುದು, ಮರುದಿನ ಸಂಜೆ ಬೆಂಗಳೂರಿನ ವಿಮಾನ ಹತ್ತುವುದು. ಎರಡು ರಾತ್ರಿಗಿಂತ ಜಾಸ್ತಿ ಬೇಡ. ಅಷ್ಟು ಹೊತ್ತಿಗೆ ಮನಸ್ಸು ಪೂರ್ತಿ ಊರಿನಲ್ಲಿರುತ್ತದೆ.

ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿ ಇರಲಿ. ಬೇರೆ ಬೇರೆ ಕೊಂಡರೆ ಮೊದಲನೆಯದು ತಡವಾದಾಗ ಎರಡನೆಯದರ ಹೊಣೆ ಯಾರೂ ಹೊರುವುದಿಲ್ಲ. ಬುಕ್ ಮಾಡುವ ಪುಟದಲ್ಲಿ "ಮಲ್ಟಿ ಸಿಟಿ" ಅನ್ನುವ ಆಯ್ಕೆ ಇರುತ್ತದೆ. ಅದರಲ್ಲಿ ಹಾಕಿ ನೋಡಿ. ಎಷ್ಟೋ ಸಲ ನೇರ ಬರುವುದಕ್ಕೂ ಇದಕ್ಕೂ ದರದಲ್ಲಿ ಹೆಚ್ಚು ಅಂತರ ಇರುವುದಿಲ್ಲ.

ಹೆಜ್ಜೆ 2: ಕಾಗದ ಪತ್ರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ವಯಸ್ಸಿನವರು ಎಡವುವುದು ಇಲ್ಲೇ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸಿಂಗಾಪುರಕ್ಕೆ ವೀಸಾ ಬೇಕು. ಆದರೆ ಬೇರೆ ದೇಶಕ್ಕೆ ಹೋಗುತ್ತಾ ಅಥವಾ ಬರುತ್ತಾ ನಡುವೆ ಇಳಿಯುವವರಿಗೆ 96 ಗಂಟೆ ವೀಸಾ ಇಲ್ಲದೆ ಇರಲು ಒಂದು ಅವಕಾಶ ಇದೆ. ಅದಕ್ಕೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ, ಕೆನಡಾ, ಬ್ರಿಟನ್, ಜಪಾನ್, ಜರ್ಮನಿ, ಸ್ವಿಟ್ಜರ್ಲೆಂಡ್ ಈ ಎಂಟರಲ್ಲಿ ಒಂದು ದೇಶದ ವೀಸಾ ನಿಮ್ಮ ಬಳಿ ಇರಬೇಕು. 96 ಗಂಟೆಯೊಳಗೆ ಮುಂದಕ್ಕೆ ಹೋಗುವ ಟಿಕೆಟ್ ಖಚಿತವಾಗಿರಬೇಕು. ಯುರೋಪಿನ ಷೆಂಗೆನ್ ವೀಸಾ ಆದರೆ ಅದನ್ನು ಕೊಟ್ಟ ದೇಶ ಯಾವುದು ಅಂತ ನೋಡಿಕೊಳ್ಳಿ.

ವೀಸಾ ಇನ್ನೂ ಕನಿಷ್ಠ ಒಂದು ತಿಂಗಳು ಬಾಕಿ ಇರಬೇಕು ಅನ್ನುವ ನಿಯಮ ಇದೆ. ಮಕ್ಕಳ ಮನೆಯಲ್ಲಿ ಕೊನೇ ದಿನದವರೆಗೂ ಇದ್ದು ಹೊರಡುವವರು ಇದನ್ನು ಮರೆಯುತ್ತಾರೆ. ಒಂದೇ ಸಲ ಹೋಗಿಬರುವ ವೀಸಾ ಇದ್ದವರಿಗೆ ಮರಳುವ ಪ್ರಯಾಣಕ್ಕೆ ಬೇರೆ ನಿಯಮ ಇದೆ. ಹಾಗಾಗಿ ಸಿಂಗಾಪುರ ಸರ್ಕಾರದ ವಲಸೆ ಇಲಾಖೆಯ ಜಾಲತಾಣದಲ್ಲಿ ನಿಮ್ಮ ವೀಸಾಕ್ಕೆ ಯಾವುದು ಅನ್ವಯ ಅಂತ ಟಿಕೆಟ್ ಕೊಳ್ಳುವ ಮೊದಲೇ ಓದಿಸಿಕೊಳ್ಳಿ. ಒಳಗೆ ಬಿಡುವ ಕೊನೆಯ ತೀರ್ಮಾನ ಕೌಂಟರ್‌ನಲ್ಲಿ ಕೂತ ಅಧಿಕಾರಿಯದು. ಸ್ವಲ್ಪ ಅನುಮಾನ ಇದ್ದರೂ ಊರು ಬಿಡುವ ಮೊದಲೇ ಏಜೆಂಟರ ಮೂಲಕ ಮಾಮೂಲಿ ವೀಸಾ ಮಾಡಿಸಿ. ಅದರ ಸರ್ಕಾರಿ ಶುಲ್ಕ 30 ಸಿಂಗಾಪುರ ಡಾಲರ್, ಏಜೆಂಟರ ದುಡ್ಡು ಬೇರೆ.

ಆಸ್ಟ್ರೇಲಿಯಾದ ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿಸಿರುವುದಿಲ್ಲ, ಕಂಪ್ಯೂಟರ್‌ನಲ್ಲಿ ಇರುತ್ತದೆ. ಆದ್ದರಿಂದ ವೀಸಾ ಮಂಜೂರಾದ ಪತ್ರವನ್ನು ಮುದ್ರಿಸಿ ಇಟ್ಟುಕೊಳ್ಳಿ. ಅದರ ಜೊತೆಗೆ ಬೆಂಗಳೂರಿನ ಟಿಕೆಟ್, ಹೋಟೆಲ್ ಬುಕಿಂಗ್ ಕಾಗದ. ಮೂರನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪಾಸ್‌ಪೋರ್ಟ್ ಜೊತೆ ಇಡಿ. ಫೋನಿನಲ್ಲಿದೆ ಅಂತ ಸುಮ್ನೆ ಇರಬೇಡಿ. ಫೋನಿನ ಚಾರ್ಜ್ ಮುಗಿಯುವುದು ಸರಿಯಾಗಿ ಆ ಸಾಲಿನಲ್ಲಿ ನಿಂತಾಗಲೇ.

ಇನ್ನೊಂದು, "ಎಸ್‌ಜಿ ಅರೈವಲ್ ಕಾರ್ಡ್", ಅಂದರೆ ಸಿಂಗಾಪುರಕ್ಕೆ ಬರುವವರು ತಮ್ಮ ವಿವರ ತುಂಬಿ ಕೊಡುವ ಅರ್ಜಿ. ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದಕ್ಕಿಂತ ಮುಂಚೆ ಆಗುವುದಿಲ್ಲ. ಪೂರ್ತಿ ಉಚಿತ. ದುಡ್ಡು ಕೇಳುವ ಪುಟ ಬಂದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ಅದರಲ್ಲಿ ಇಮೇಲ್ ಕೇಳುತ್ತಾರೆ. ಈಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದಿಲ್ಲ, ಎಷ್ಟು ದಿನ ಇರಬಹುದು ಅನ್ನುವ ಪತ್ರ ಆ ಇಮೇಲ್‌ಗೆ ಬರುತ್ತದೆ. ಮಗಳ ಇಮೇಲ್ ಕೊಟ್ಟರೆ ಪತ್ರ ಮೆಲ್ಬರ್ನ್‌ಗೆ ಹೋಗುತ್ತದೆ. ನಿಮ್ಮ ಫೋನಿನಲ್ಲಿ ನೀವೇ ತೆರೆಯಬಲ್ಲ ಇಮೇಲ್ ಕೊಡಿ.

ಹೆಜ್ಜೆ 3: ಸೂಟ್‌ಕೇಸು ಮತ್ತು ಒಂದು ದಿನದ ಚೀಲ

ನಮ್ಮ ಮೊದಲ ಸಲದ ಪ್ರಯಾಣದಲ್ಲಿ ಒಂದು ಗಾಬರಿ ಆಯಿತು. ಸೂಟ್‌ಕೇಸು ನೇರ ಬೆಂಗಳೂರಿಗೆ ಹೋಗುತ್ತದೆ ಅಂತ ಹೊರಡುವಾಗ ಕೌಂಟರ್‌ನಲ್ಲಿ ಹೇಳಿದರು. ನಾವು ನಂಬಿ ಹೊರಗೆ ಹೋದೆವು. ಸೂಟ್‌ಕೇಸು ಮಾತ್ರ ಸಿಂಗಾಪುರದ ಬೆಲ್ಟಿನ ಮೇಲೆ ಸುತ್ತುತ್ತಿತ್ತು. ಅದು ತಿಳಿದದ್ದು ಮರುದಿನ. ಹುಡುಕಿಸಿಕೊಟ್ಟರು ನಿಜ, ಆದರೆ ಆ ಎರಡು ಗಂಟೆ ಹೇಗೆ ಕಳೆಯಿತು ಅಂತ ನನಗೇ ಗೊತ್ತು.

ಆದ್ದರಿಂದ ಬಾಯಿಮಾತು ಸಾಲದು. ಸೂಟ್‌ಕೇಸಿಗೆ ಕಟ್ಟುವ ಚೀಟಿಯನ್ನು ಅಲ್ಲೇ ನಿಂತು ಓದಿ. ಕೊನೆಯ ಊರು "ಬಿಎಲ್‌ಆರ್" ಅಂತಿದ್ದರೆ ಬೆಂಗಳೂರು. "ಎಸ್‌ಐಎನ್" ಅಂತಿದ್ದರೆ ಸಿಂಗಾಪುರದಲ್ಲಿ ನೀವೇ ಎತ್ತಿಕೊಳ್ಳಬೇಕು. ಸಾಮಾನ್ಯವಾಗಿ ಒಂದೇ ಬುಕಿಂಗ್‌ನಲ್ಲಿ ನಡುವಿನ ಬಿಡುವು 24 ಗಂಟೆಯೊಳಗೆ ಇದ್ದರೆ ನೇರ ಕಳಿಸುತ್ತಾರೆ, ಮೀರಿದರೆ ಸಿಂಗಾಪುರದಲ್ಲೇ ಕೊಡುತ್ತಾರೆ. ಕೊಟ್ಟರೂ ಚಿಂತೆ ಇಲ್ಲ. ಚಾಂಗಿಯಲ್ಲಿ ದುಡ್ಡು ಕೊಟ್ಟು ಸಾಮಾನು ಇಡುವ ಜಾಗ ಇದೆ. ಎರಡು ದೊಡ್ಡ ಸೂಟ್‌ಕೇಸು ಎಳೆದುಕೊಂಡು ಹೋಟೆಲಿಗೆ ಹೋಗುವುದಕ್ಕಿಂತ ಅಲ್ಲೇ ಇಡುವುದು ವಾಸಿ.

ಒಂದು ದಿನಕ್ಕೆ ಬೇಕಾದದ್ದು ಪ್ರತ್ಯೇಕ ಸಣ್ಣ ಚೀಲದಲ್ಲಿ ಇರಲಿ: ಒಂದು ಜೊತೆ ತೆಳು ಹತ್ತಿ ಬಟ್ಟೆ, ರಾತ್ರಿ ಬಟ್ಟೆ, ಎರಡು ದಿನದ ಮಾತ್ರೆ, ಮಡಿಸುವ ಕೊಡೆ, ಹಳೆಯದಾಗಿ ಕಾಲಿಗೆ ಒಗ್ಗಿದ ಚಪ್ಪಲಿ, ಚೌಕ ಕಾಲಿನ ಮೂರು ಪಿನ್ನಿನ ಪ್ಲಗ್. ಮೆಲ್ಬರ್ನ್‌ನ ಜುಲೈ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಹೊರಟವರು ಸಿಂಗಾಪುರದಲ್ಲಿ ಇಳಿದಾಗ ಮಂಗಳೂರಿನ ಮೇ ತಿಂಗಳು ಮೈಗೆ ಬಡಿದ ಹಾಗೆ ಆಗುತ್ತದೆ. ವರ್ಷವಿಡೀ ಅಲ್ಲಿ ಅದೇ ಸೆಕೆ, ಯಾವಾಗ ಬೇಕಾದರೂ ಮಳೆ.

ಒಯ್ಯಬಾರದ್ದೂ ಇದೆ. ಚೂಯಿಂಗ್ ಗಮ್ ಮಾರಾಟ, ಆಮದು 1992ರಿಂದ ನಿಷೇಧ. ಗುಟ್ಕಾ, ಖೈನಿಯಂಥ ಜಗಿಯುವ ತಂಬಾಕು, ಇ-ಸಿಗರೇಟು ಯಾವುದೂ ಕೂಡದು. ನಮ್ಮವರಿಗೆ ಗೊತ್ತಿಲ್ಲದ ಒಂದು ವಸ್ತು ಗಸಗಸೆ. ನಮಗದು ಪಾಯಸಕ್ಕೆ ಹಾಕುವ ಕಾಳು, ಅಲ್ಲಿ ಅದು ಮಾದಕ ವಸ್ತು ತಡೆ ಇಲಾಖೆಯ ನಿರ್ಬಂಧದ ಪಟ್ಟಿಯಲ್ಲಿದೆ. ಊರಿಂದ ತಂದು ಉಳಿದ ಪೊಟ್ಟಣ ಇದ್ದರೆ ಮಗಳ ಮನೆಯಲ್ಲೇ ಬಿಡಿ. ಕೊಡೀನ್ ಇರುವ ಕೆಮ್ಮಿನ ಔಷಧ, ನಿದ್ರೆ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಅನುಮತಿ ಪಡೆಯಬೇಕಾಗಬಹುದು. ಡಾಕ್ಟರ ಚೀಟಿ ಅಂತೂ ಜೊತೆಗೇ ಇರಲಿ. ಮಗಳು ಪ್ರೀತಿಯಿಂದ ಕೊಟ್ಟ ಜೇನಿನ ಬಾಟಲಿ ದೊಡ್ಡ ಸೂಟ್‌ಕೇಸಿಗೆ ಹಾಕಿ. ಮರುದಿನ ವಿಮಾನ ಹತ್ತುವಾಗ ಕೈಚೀಲದಲ್ಲಿ 100 ಮಿಲಿಲೀಟರ್‌ಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ಜೇನೂ ಅವರ ಲೆಕ್ಕದಲ್ಲಿ ದ್ರವವೇ.

ಹೆಜ್ಜೆ 4: ಎಲ್ಲಿ ಉಳಿಯುವುದು, ಹೇಗೆ ಹೋಗುವುದು

ನಾನು ಹೇಳುವುದು ಲಿಟಲ್ ಇಂಡಿಯಾ, ಸಿಂಗಾಪುರದಲ್ಲಿ ನಮ್ಮ ಭಾರತೀಯರ ಕೇರಿ. "ಮೂರು ತಿಂಗಳು ಹೊರದೇಶದಲ್ಲಿದ್ದು ಮತ್ತೆ ಇಂಡಿಯಾ ಯಾಕೆ?" ಅಂತ ನಮ್ಮ ಅಳಿಯ ಕೇಳಿದ್ದರು. ಮೂರು ತಿಂಗಳ ನಂತರ ಬೇಕಾಗಿರುವುದೇ ಅದು ಅಲ್ವಾ? ಇನ್ನೊಂದು ಕಾರಣ ರೈಲು. ಅಲ್ಲಿನ ಮೆಟ್ರೊಗೆ ಎಂಆರ್‌ಟಿ ಅನ್ನುತ್ತಾರೆ. ಅದರಲ್ಲಿ ಡೌನ್‌ಟೌನ್ ಲೈನ್ ಅಂತ ನೀಲಿ ಬಣ್ಣದ ದಾರಿ ಇದೆ. ಲಿಟಲ್ ಇಂಡಿಯಾ, ಸಂಜೆ ನೋಡುವ ಬೇಫ್ರಂಟ್, ಬೆಳಿಗ್ಗೆ ನೋಡುವ ಬೊಟಾನಿಕ್ ಗಾರ್ಡನ್ಸ್, ಬೇಕಿದ್ದರೆ ಚೈನಾಟೌನ್, ಎಲ್ಲವೂ ಇದೇ ದಾರಿಯ ಮೇಲೆ ಬರುತ್ತವೆ. ಎಲ್ಲೂ ರೈಲು ಬದಲಿಸಬೇಕಾಗಿಲ್ಲ. ಕಾಲು ನೋವು ಇರುವವರಿಗೆ ಇದು ದೊಡ್ಡ ವಿಷಯ. ಒಂದು ದಿನದ ಯೋಜನೆಯನ್ನು ಜಾಗಗಳ ಪಟ್ಟಿ ಹಿಡಿದು ಮಾಡಬೇಡಿ, ಒಂದು ರೈಲು ದಾರಿ ಹಿಡಿದು ಮಾಡಿ.

ಚಾಂಗಿ ನಿಲ್ದಾಣದ ರೈಲು ಸ್ಟೇಷನ್ ಟರ್ಮಿನಲ್ 2 ಮತ್ತು 3ರ ನಡುವೆ ಇದೆ. ಅಲ್ಲಿಂದ ಟಾನಾ ಮೇರಾವರೆಗೆ ಹೋಗಿ, ಹಸಿರು ದಾರಿಯ ರೈಲು ಹಿಡಿದು ಬೂಗಿಸ್‌ನಲ್ಲಿ ಇಳಿಯಿರಿ. ಅಲ್ಲಿ ನೀಲಿ ದಾರಿಗೆ ಬದಲಿಸಿದರೆ ಎರಡನೇ ಸ್ಟೇಷನ್ ಲಿಟಲ್ ಇಂಡಿಯಾ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಟಿಕೆಟ್ ಕೊಳ್ಳಬೇಕಾಗಿಲ್ಲ. ವಿದೇಶದಲ್ಲಿ ನಡೆಯುವ, ತಾಗಿಸಿ ದುಡ್ಡು ಕೊಡುವ ವೀಸಾ ಕಂಪನಿಯ ಬ್ಯಾಂಕ್ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು, ಹೊರಗೆ ಬರುವಾಗಲೂ ಅದನ್ನೇ ತಾಗಿಸಬೇಕು. ಒಬ್ಬರಿಗೆ ಒಂದು ಕಾರ್ಡ್. ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಡಿನಲ್ಲಿ ಹೋಗಲು ಆಗುವುದಿಲ್ಲ. ಆದ್ದರಿಂದ ಎರಡು ಕಾರ್ಡ್ ಇಟ್ಟುಕೊಳ್ಳಿ, ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ ತೆರೆದಿದೆಯೇ ನೋಡಿಕೊಳ್ಳಿ.

ರೈಲಿನೊಳಗೆ ತಿನ್ನುವುದು, ಕುಡಿಯುವುದು ಕೂಡದು. ದಂಡ 500 ಡಾಲರ್‌ವರೆಗೂ ಇದೆ. ನೀರಿನ ಬಾಟಲಿ ಚೀಲದಲ್ಲೇ ಇರಲಿ. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು, ಕೊಳ್ಳುವ ಅಗತ್ಯವಿಲ್ಲ.

ವಿಮಾನ ಇಳಿದಾಗ ತೀರಾ ದಣಿವಾಗಿದ್ದರೆ ರೈಲು ಬಿಟ್ಟು ಟ್ಯಾಕ್ಸಿ ಹಿಡಿಯಿರಿ. ಅಲ್ಲಿ ಟ್ಯಾಕ್ಸಿಯವರು ಮೀಟರ್ ಹಾಕುತ್ತಾರೆ, ಚೌಕಾಸಿ ಇಲ್ಲ. ಇಂಥ ದಿನ ಉಳಿಸಬೇಕಾದದ್ದು ಕಾಲಿನ ಶಕ್ತಿ.

ಹೆಜ್ಜೆ 5: ಮೊದಲು ಊಟ, ಆಮೇಲೆ ಊರು

ಹೋಟೆಲಿಗೆ ಹೋಗಿ ಸ್ನಾನ ಮಾಡಿ. ಒಂದು ಗಂಟೆ ಮಲಗಿ, ಅಲಾರಂ ಇಟ್ಟೇ ಮಲಗಿ. ಎದ್ದು ಸೆರಂಗೂನ್ ರಸ್ತೆಗೆ ಬನ್ನಿ.

ಕೋಮಲ ವಿಲಾಸ್ ಅನ್ನುವ ಸಸ್ಯಾಹಾರಿ ಹೋಟೆಲ್ 1947ರಿಂದ ಈ ರಸ್ತೆಯಲ್ಲಿದೆ. ದೋಸೆ, ಇಡ್ಲಿ, ಊಟ ಎಲ್ಲ ಸಿಗುತ್ತದೆ. ನಾವು ಹೋದಾಗ ಬಿಸಿ ಅನ್ನಕ್ಕೆ ರಸಂ ಹಾಕಿಸಿಕೊಂಡು ನಮ್ಮವರು ಐದು ನಿಮಿಷ ಮಾತೇ ಆಡಲಿಲ್ಲ. ಮಗಳ ಮನೆಯಲ್ಲೂ ಸಾರು ಅನ್ನ ಮಾಡುತ್ತಿದ್ದೆವು. ಆದರೂ ಅಕ್ಕಪಕ್ಕದ ಮೇಜಿನಲ್ಲಿ ಎಲ್ಲರೂ ಕೈಯಲ್ಲಿ ಕಲಸಿ ತಿನ್ನುವ ಕಡೆ ಕೂತು ಉಣ್ಣುವ ಸಮಾಧಾನವೇ ಬೇರೆ.

ಊಟ ಆದ ಮೇಲೆ ಆ ರಸ್ತೆಯಲ್ಲಿ ಸುಮ್ನೆ ನಡೆಯಿರಿ. ತಮಿಳು ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ರೈಲು ಸ್ಟೇಷನ್ ಫಲಕದಲ್ಲೂ ತಮಿಳು ಕಾಣುತ್ತದೆ. ಟೆಕ್ಕಾ ಮಾರುಕಟ್ಟೆಯ ಪಕ್ಕದ ರಸ್ತೆಯ ಹೆಸರು ಬಫಲೋ ರೋಡ್. ಹತ್ತಿರದಲ್ಲೇ ಕೆರ್ಬಾವ್ ರೋಡ್ ಇದೆ. ಮಲಯ ಭಾಷೆಯಲ್ಲಿ ಕೆರ್ಬಾವ್ ಅಂದರೂ ಎಮ್ಮೆಯೇ. ಒಂದು ಕಾಲಕ್ಕೆ ಇಲ್ಲಿ ದನ ಎಮ್ಮೆಗಳ ವ್ಯಾಪಾರ ನಡೆಯುತ್ತಿತ್ತು, ಆ ಕೆಲಸಕ್ಕೆ ಬಂದವರಿಂದ ಈ ಕೇರಿ ಬೆಳೆಯಿತು. ಕ್ಯಾಂಪ್‌ಬೆಲ್ ಲೇನ್‌ನಲ್ಲಿ ಹೂವಿನ ಅಂಗಡಿಗಳಿವೆ. ಕಟ್ಟಿದ ಮಲ್ಲಿಗೆಯ ವಾಸನೆ ಮೂರು ತಿಂಗಳ ನಂತರ ಮೂಗಿಗೆ ಬಂದಾಗ ನನಗೆ ಕಣ್ಣು ತುಂಬಿತು. ತಗೊಂಡು ಅಲ್ಲೇ ಮುಡಿದುಕೊಂಡೆ.

ದೇವಸ್ಥಾನಕ್ಕೆ ಹೋಗುವವರಿಗೆ ಅದೇ ರಸ್ತೆಯಲ್ಲಿ ವೀರಮಾಕಾಳಿಯಮ್ಮನ್ ಗುಡಿ, ಇನ್ನೂ ಸ್ವಲ್ಪ ಮುಂದೆ ಶ್ರೀನಿವಾಸ ಪೆರುಮಾಳ್ ಗುಡಿ ಇವೆ. ನಮ್ಮೂರಿನ ಹಾಗೇ ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆಯುತ್ತಾರೆ.

ಮುಸ್ತಫಾ ಸೆಂಟರ್ ಅನ್ನುವ ದೊಡ್ಡ ಅಂಗಡಿ ಹತ್ತಿರದಲ್ಲೇ ಇದೆ, ತಡರಾತ್ರಿವರೆಗೂ ತೆರೆದಿರುತ್ತದೆ. ಎಲ್ಲರೂ ಹೋಗಿ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ಸೂಟ್‌ಕೇಸು ಆಗಲೇ ತುಂಬಿದೆ. ಒಳಗೆ ಹೋದರೆ ಎರಡು ಗಂಟೆ ಹೋಗುತ್ತದೆ, ಸಂಜೆಯೇ ಮುಗಿಯುತ್ತದೆ. ನೂರು ಡಾಲರ್‌ಗಿಂತ ಜಾಸ್ತಿ ಏನಾದರೂ ಕೊಂಡರೆ ಮಾತ್ರ ಬಿಲ್ ಇಟ್ಟುಕೊಳ್ಳಿ. ಅದರ ಮೇಲಿನ ಶೇ 9 ತೆರಿಗೆಯನ್ನು ವಾಪಸ್ ಕೇಳಲು ವಿಮಾನ ನಿಲ್ದಾಣದಲ್ಲಿ ಯಂತ್ರ ಇದೆ. ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಕೊಂಡಿರಬೇಕು.

ಹೆಜ್ಜೆ 6: ಸಂಜೆ ಏಳೂಮುಕ್ಕಾಲಕ್ಕೆ ನೆಲದ ಮೇಲೆ ಮಲಗಿ

ಸಿಂಗಾಪುರ ಸಮಭಾಜಕ ವೃತ್ತದ ಹತ್ತಿರ ಇರುವುದರಿಂದ ವರ್ಷದ ಯಾವ ತಿಂಗಳಲ್ಲೂ ಏಳರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಆರೂವರೆಗೆ ಲಿಟಲ್ ಇಂಡಿಯಾದಲ್ಲಿ ರೈಲು ಹತ್ತಿ. ರೋಚರ್, ಬೂಗಿಸ್, ಪ್ರೊಮೆನಾಡ್ ಆದ ಮೇಲೆ ಬೇಫ್ರಂಟ್. ಅಲ್ಲಿಂದ ಗಾರ್ಡನ್ಸ್ ಬೈ ದ ಬೇ ಅನ್ನುವ ದೊಡ್ಡ ತೋಟಕ್ಕೆ ನಡೆದೇ ಹೋಗಬಹುದು.

ಅಲ್ಲಿ 25ರಿಂದ 50 ಮೀಟರ್ ಎತ್ತರದ ಕಬ್ಬಿಣ ಕಾಂಕ್ರೀಟಿನ ಮರಗಳಿವೆ. ಮೈತುಂಬ ನಿಜವಾದ ಬಳ್ಳಿ, ಜರೀಗಿಡ ಹಬ್ಬಿಸಿದ್ದಾರೆ. ದಿನಾ ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ಆ ಮರಗಳ ಮೇಲೆ ಹಾಡಿನ ಜೊತೆ ಬೆಳಕಿನ ಆಟ ನಡೆಯುತ್ತದೆ. ಸುಮಾರು ಕಾಲು ಗಂಟೆ. ಟಿಕೆಟ್ ಇಲ್ಲ. ಕುತ್ತಿಗೆ ಎತ್ತಿ ನಿಂತರೆ ನೋಯುತ್ತದೆ. ಒಂದು ಟವೆಲ್ ಹಾಸಿ ನೆಲದ ಮೇಲೆ ಮಲಗಿ, ಎಲ್ಲರೂ ಹಾಗೇ ಮಲಗಿರುತ್ತಾರೆ. ನೆಲ ಅಷ್ಟು ಚೊಕ್ಕಟ. ಹಾಗೆ ಮಲಗಿ ಮೇಲೆ ನೋಡುತ್ತಿದ್ದಾಗ ನನಗೆ ಮೂರು ತಿಂಗಳ ಪಾತ್ರೆ, ಡಯಪರ್, ಮಗುವಿನ ಅಳು, ಬೀಳ್ಕೊಡುವಾಗ ಮಗಳು ತಿರುಗಿ ತಿರುಗಿ ನೋಡಿದ್ದು, ಎಲ್ಲವೂ ನಿಧಾನವಾಗಿ ಒಳಗೆ ಇಳಿದು ಕೂತ ಹಾಗಾಯಿತು. ನೇರ ವಿಮಾನದಲ್ಲಿ ಬಂದಿದ್ದರೆ ಅದಕ್ಕೆ ಹೊತ್ತೇ ಸಿಗುತ್ತಿರಲಿಲ್ಲ.

ಮಳೆ ಬಂದರೆ ಅಥವಾ ಸೆಕೆ ತಡೆಯದಿದ್ದರೆ ಅಲ್ಲೇ ಎರಡು ದೊಡ್ಡ ಗಾಜಿನ ಮನೆಗಳಿವೆ, ಒಳಗೆ ತಂಪು. ಒಂದನ್ನೇ ನೋಡುವುದಾದರೆ ಕ್ಲೌಡ್ ಫಾರೆಸ್ಟ್ ನೋಡಿ. 35 ಮೀಟರ್ ಎತ್ತರದಿಂದ ನೀರು ಧುಮುಕುತ್ತದೆ, ಮಂಜು ಕವಿದಿರುತ್ತದೆ. ಮಳೆಗಾಲದ ಆಗುಂಬೆಯ ನೆನಪು ಬರುತ್ತದೆ. ಇವಕ್ಕೆ ಟಿಕೆಟ್ ಇದೆ.

ಇನ್ನೂ ಶಕ್ತಿ ಇದ್ದರೆ ಪಕ್ಕದ ಮರೀನಾ ಬೇ ಸ್ಯಾಂಡ್ಸ್ ಕಟ್ಟಡದ ಮುಂದೆ, ನೀರಿನ ದಡದಲ್ಲಿ ರಾತ್ರಿ 9ಕ್ಕೆ ಕಾರಂಜಿಯ ಪ್ರದರ್ಶನ ನೋಡಬಹುದು. ಅದೂ ಉಚಿತ. ಇಲ್ಲದಿದ್ದರೆ ಬಂದ ರೈಲಿನಲ್ಲೇ ವಾಪಸ್. ಹತ್ತಕ್ಕೆ ಮಲಗಿ.

ಹೆಜ್ಜೆ 7: ಬೆಳಿಗ್ಗೆ ಒಂದೇ ಒಂದು ಜಾಗ

ಬೊಟಾನಿಕ್ ಗಾರ್ಡನ್ಸ್ ಬೆಳಿಗ್ಗೆ ಐದಕ್ಕೇ ತೆರೆಯುತ್ತದೆ. ಒಳಗೆ ಹೋಗಲು ದುಡ್ಡಿಲ್ಲ. ಲಾಲ್‌ಬಾಗ್‌ನಲ್ಲಿ ಬೆಳಗಿನ ವಾಕಿಂಗ್ ಹೋಗುವವರಿಗೆ ಇದು ತಮ್ಮದೇ ಜಾಗ ಅನ್ನಿಸುತ್ತದೆ. ಲಿಟಲ್ ಇಂಡಿಯಾದಿಂದ ಮೂರನೇ ಸ್ಟೇಷನ್. ಹೊರಗೆ ಬಂದರೆ ಎದುರಿಗೇ ಗೇಟು.

1859ರಲ್ಲಿ ಶುರುವಾದ ತೋಟ, 2015ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿತು. 1888ರಲ್ಲಿ ಇಲ್ಲಿನ ನಿರ್ದೇಶಕರಾಗಿ ಬಂದ ಹೆನ್ರಿ ರಿಡ್ಲಿ, ಮರಕ್ಕೆ ಪೆಟ್ಟಾಗದ ಹಾಗೆ ತೊಗಟೆ ಗೀರಿ ರಬ್ಬರ್ ಹಾಲು ಇಳಿಸುವ ಕ್ರಮವನ್ನು ಈ ತೋಟದಲ್ಲೇ ರೂಢಿಸಿದರು. ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟದಲ್ಲಿ ಗೀರಿದ ಮರ, ಕಟ್ಟಿದ ಚಿಪ್ಪು ನೋಡಿ ಬೆಳೆದವರು ಇಲ್ಲಿ ಒಂದು ನಿಮಿಷ ನಿಲ್ಲದೆ ಮುಂದೆ ಹೋಗಲಾರರು. ಇನ್ನೊಂದು ನೋಡಬೇಕಾದ್ದು ಟೆಂಬುಸು ಮರ. ಒಂದು ಕೊಂಬೆ ನೆಲಕ್ಕೆ ಸಮನಾಗಿ ಚಾಚಿಕೊಂಡಿದೆ. ನಿಮ್ಮ ಪರ್ಸಿನಲ್ಲಿ ಐದು ಡಾಲರ್ ನೋಟು ಇದ್ದರೆ ತೆಗೆದು ನೋಡಿ, ಅದರ ಮೇಲಿರುವುದು ಇದೇ ಮರ. ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಸ್ಟೇಷನ್ ಗೇಟಿನಿಂದ ಅದು ಸ್ವಲ್ಪ ದೂರ, ಆಗಾಗ ಕೂತು ನಡೆಯಿರಿ. ಬೆಂಚುಗಳಿಗೆ ಕೊರತೆ ಇಲ್ಲ.

ತೋಟಕ್ಕಿಂತ ಗುಡಿ ಇಷ್ಟ ಅನ್ನುವವರು ಚೈನಾಟೌನ್‌ನ ಶ್ರೀ ಮಾರಿಯಮ್ಮನ್ ದೇವಸ್ಥಾನಕ್ಕೆ ಹೋಗಬಹುದು. 1827ರದು, ಆ ದೇಶದ ಅತಿ ಹಳೆಯ ಹಿಂದೂ ದೇವಸ್ಥಾನ. ಎರಡೂ ಮಾಡಲು ಹೋಗಬೇಡಿ.

ತಿಂಡಿಗೆ ಯಾವುದಾದರೂ ಹಾಕರ್ ಸೆಂಟರ್‌ಗೆ ಹೋಗಿ. ಒಂದೇ ಸೂರಿನ ಕೆಳಗೆ ಹತ್ತಾರು ಸಣ್ಣ ಅಂಗಡಿ, ನಡುವೆ ಮೇಜು. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಆ ಜಾಗ ಯಾರೋ ಹಿಡಿದಿದ್ದಾರೆ ಅಂತ ಅರ್ಥ. ನಮ್ಮ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ತಿಂದ ಮೇಲೆ ತಟ್ಟೆ ನೀವೇ ಎತ್ತಿಡಬೇಕು, ಇಲ್ಲದಿದ್ದರೆ ದಂಡ. ಸಸ್ಯಾಹಾರಿಗಳು ಕೇಳಿ ತಿನ್ನಿ. ಬರೀ ತರಕಾರಿ ಕಂಡರೂ ಒಳಗೆ ಸೀಗಡಿ ಪುಡಿ, ಮೀನಿನ ಸಾಸ್ ಇರಬಹುದು. ಬ್ರೆಡ್ಡಿಗೆ ಹಚ್ಚುವ ಕಾಯಾ ಅನ್ನುವ ತೆಂಗಿನಹಾಲಿನ ಜಾಮ್‌ನಲ್ಲಿ ಮೊಟ್ಟೆ ಇರುತ್ತದೆ.

ಕಾಫಿಗೆ ಅಲ್ಲಿ ಬೇರೆಯೇ ಭಾಷೆ ಇದೆ. "ಕೋಪಿ" ಅಂದರೆ ಮಿಲ್ಕ್‌ಮೇಡ್‌ನಂಥ ಸಿಹಿ ಹಾಲಿನ ಕಾಫಿ. "ಕೋಪಿ ಓ" ಅಂದರೆ ಹಾಲಿಲ್ಲದ್ದು, ಸಕ್ಕರೆ ಇರುತ್ತದೆ. "ಕೊಸೋಂಗ್" ಸೇರಿಸಿದರೆ ಸಕ್ಕರೆಯೂ ಇಲ್ಲ. ಸಕ್ಕರೆ ಕಾಯಿಲೆ ಇರುವವರು "ಕೋಪಿ ಸಿ ಕೊಸೋಂಗ್" ಕೇಳಿ, ಸಿಹಿಯಿಲ್ಲದ ಗಟ್ಟಿ ಹಾಲಿನ ಕಾಫಿ ಬರುತ್ತದೆ. ನಮ್ಮ ಫಿಲ್ಟರ್ ಕಾಫಿಗೆ ಅದೇ ಹತ್ತಿರ.

ಹೆಜ್ಜೆ 8: ವಾಪಸ್ ಚಾಂಗಿಗೆ

ಹೋಟೆಲ್ ಖಾಲಿ ಮಾಡುವ ಹೊತ್ತು ಹನ್ನೊಂದು ಹನ್ನೆರಡು. ಊಟ ಮುಗಿಸಿ, ವಿಮಾನಕ್ಕೆ ನಾಲ್ಕೈದು ಗಂಟೆ ಮುಂಚೆ ನಿಲ್ದಾಣ ಸೇರಿ. ಬೇಗ ಅನ್ನಿಸಬಹುದು, ಆದರೆ ಅಲ್ಲಿ ನೋಡಲಿಕ್ಕೆ ಜ್ಯೂವೆಲ್ ಇದೆ. 2019ರಲ್ಲಿ ತೆರೆದ ಗಾಜಿನ ಗುಮ್ಮಟ, ನಡುವೆ 40 ಮೀಟರ್ ಎತ್ತರದಿಂದ ಬೀಳುವ ನೀರು, ಸುತ್ತ ಮಹಡಿ ಮಹಡಿಯಾಗಿ ಗಿಡ ಮರ. ಕಟ್ಟಡದೊಳಗಿನ ಜಲಪಾತಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು. ನೋಡಲು ದುಡ್ಡಿಲ್ಲ. ಇದು ವಲಸೆ ತಪಾಸಣೆಯ ಹೊರಗಡೆ ಇದೆ. ಆದ್ದರಿಂದ ಇದನ್ನು ನೋಡಿದ ಮೇಲೆಯೇ ಒಳಗೆ ಹೋಗಬೇಕು. ಬೇಗ ಚೆಕ್-ಇನ್ ಮಾಡಲು ಬಿಡುವ ಕಂಪನಿ ಆದರೆ ಮೊದಲು ಸೂಟ್‌ಕೇಸು ಕೊಟ್ಟು, ಕೈಬೀಸಿಕೊಂಡು ಬನ್ನಿ. ಸಾಮಾನು ಇಡುವ ಜಾಗದಲ್ಲಿ ಸೂಟ್‌ಕೇಸು ಇಟ್ಟವರು ಯಾವ ಟರ್ಮಿನಲ್‌ನಲ್ಲಿ ಇಟ್ಟಿದ್ದು ಅಂತ ಬರೆದಿಟ್ಟುಕೊಂಡಿರಿ.

ಕೈಯಲ್ಲಿ ಉಳಿದ ಚಿಲ್ಲರೆಯನ್ನು ಇಲ್ಲೇ ಖರ್ಚು ಮಾಡಿ. ನಾಣ್ಯವನ್ನು ಊರಿನಲ್ಲಿ ಯಾರೂ ಬದಲಿಸಿ ಕೊಡುವುದಿಲ್ಲ.

ಗೇಟಿನ ಹತ್ತಿರ ಕೂತಾಗ ನಿಲ್ದಾಣದ ಉಚಿತ ವೈಫೈಯಲ್ಲಿ ಎರಡು ಕೆಲಸ ಮಾಡಿ. ಮಗಳಿಗೆ ಒಂದು ಕರೆ. ಅಲ್ಲಿ ಆಗಲೇ ರಾತ್ರಿಯಾಗುತ್ತಿರುತ್ತದೆ, ಮಗು ಮಲಗುವ ಮೊದಲೇ ಮಾಡಿ. ಇನ್ನೊಂದು, ಮೈಸೂರಿಗೆ ಹೋಗುವವರು ಕೆಎಸ್‌ಆರ್‌ಟಿಸಿ ಫ್ಲೈಬಸ್‌ನಲ್ಲಿ ಸೀಟು ನೋಡಿ. ಬೆಂಗಳೂರಿನ ವಿಮಾನ ನಿಲ್ದಾಣದಿಂದಲೇ ನೇರ ಹೊರಡುತ್ತದೆ. ವಿಮಾನ ಇಳಿಯುವ ಹೊತ್ತಿಗೂ ಬಸ್ಸಿಗೂ ನಡುವೆ ಎರಡು ಗಂಟೆ ಬಿಟ್ಟುಕೊಳ್ಳಿ. ನಾವು ಪಕ್ಕದ ಮನೆಯವರಿಗೆ ಅಲ್ಲಿಂದಲೇ ಮೆಸೇಜ್ ಹಾಕಿದ್ದೆವು, ಬೆಳಿಗ್ಗೆಗೆ ಒಂದು ಪ್ಯಾಕೆಟ್ ಹಾಲು ತೆಗೆದಿಡಿ ಅಂತ.